ಎಡಕ್ಕೆ ಗೂಡು, ಬಲಕ್ಕೆ ಕಡಲು

ಜೂನ್ 9

ಭಾಮೈದನಿಗೆ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೂರು ವರ್ಷದಲ್ಲಿ ನಾನು ಮಾಡಿದ್ದೂ ಎರಡೇ ಸಲ ಅನ್ನು, ಅದೂ ನಿನ್ನ ಅಕ್ಕ ಪಕ್ಕದಲ್ಲಿ ನಿಂತು ಒತ್ತಾಯ ಮಾಡಿದ್ದಕ್ಕೆ. ಆದರೆ ಬಂದ ಕಾಗದವನ್ನು ಒಡೆಯದೆ ಇಡುವಷ್ಟು ಗಟ್ಟಿಗ ನೀನಲ್ಲ ಎಂದು ಗೊತ್ತಿರುವುದರಿಂದ ಬರೆಯುತ್ತಿದ್ದೇನೆ. ಅಕ್ಷರ ನೋಡಿ ನಗಬೇಡ. ಮೂವತ್ತು ವರ್ಷ ಕತ್ತರಿ ಹಿಡಿದ ಕೈ ಇದು.

ವಿಷಯ ಏನೆಂದರೆ, ಟಿವಿಯಲ್ಲಿ ನಮ್ಮ ಕಾರ್ಟೂನು 'ಗುಂಡುಮರಿಯ ದೋಣಿ' ಮುಗಿಯಿತು. ಮೊನ್ನೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕೊನೆಯ ಕಂತು ಬಂತು. ಅದರ ಹನ್ನೊಂದು ವರ್ಷದಲ್ಲಿ ಎಂಟು ವರ್ಷವನ್ನು ನೀನೂ ನಾನೂ ಅಕ್ಕಪಕ್ಕದ ಕುರ್ಚಿಗಳ ಹಿಂದೆ ನಿಂತೇ ನೋಡಿದ್ದೇವೆ. ಕಟಿಂಗ್‌ಗೆ ಬಂದ ಮಕ್ಕಳು ತಲೆ ಅಲ್ಲಾಡಿಸದೆ ಕೂರಲಿ ಎಂದು ಹಿಂದಿನ ಗೋಡೆಗೆ, ಬೆಂಚಿನ ಮೇಲ್ಗಡೆ, ಟಿವಿ ಹಾಕಿಸಿ ಎದುರಿನ ಕನ್ನಡಿಯಲ್ಲಿ ಕಾಣುವ ಹಾಗೆ ಮಾಡಿದ್ದು ನೀನೇ. ಕೊನೆಗೆ ಮಕ್ಕಳಿಗಿಂತ ಹೆಚ್ಚು ಹುಚ್ಚು ಹತ್ತಿದ್ದು ನಮಗೆ. ಪ್ರವಾಹದಲ್ಲಿ ತೇಲಿಬಂದ, ಈಜು ಬಾರದ ಒಂದು ಬಾತುಕೋಳಿ ಮರಿ. ಅದನ್ನು ದೋಣಿಯಲ್ಲಿ ಕೂರಿಸಿಕೊಂಡು ಅದರ ಗೂಡು ಹುಡುಕಲು ಹೊರಟ ಒಬ್ಬ ಕಪ್ಪೆಜ್ಜ. ಇಷ್ಟನ್ನೇ ಇಟ್ಟುಕೊಂಡು ಅಷ್ಟು ವರ್ಷ ನಡೆಸಿದರು, ಒಂದು ವಾರವೂ ಹಳಸಲು ಬಿಡಲಿಲ್ಲ.

ಅಂಗಡಿ ತುಂಬಿತ್ತು. ನಿನ್ನ ಕುರ್ಚಿ ಖಾಲಿ, ಬೆಂಚಿನ ಮೇಲೆ ಐದು ಜನ. ಹತ್ತು ಹೊಡೆಯುತ್ತಲೇ ಕತ್ತರಿ ಬ್ಲೇಡು ಎಲ್ಲ ಕೆಳಗಿಟ್ಟೆ. ನನ್ನ ಕುರ್ಚಿಯಲ್ಲಿದ್ದ ಲೈನ್‌ಮನ್‌ಗೆ ಅರ್ಧ ಗಡ್ಡ ಆಗಿತ್ತು, ಉಳಿದರ್ಧದಲ್ಲಿ ಸೋಪು ಒಣಗುತ್ತಿತ್ತು. ಎಲ್ಲರೂ ಕನ್ನಡಿಯಲ್ಲಿ ಕಣ್ಣು ನೆಟ್ಟು ಕೂತೆವು.

ಹೊಳೆ ಕವಲೊಡೆಯುವ ಜಾಗ ಬಂತು. ಮೊದಲ ಕಂತಿನಲ್ಲೇ ಅಜ್ಜ ಹೇಳಿದ್ದನಲ್ಲ, ಎಡಕ್ಕೆ ತಿರುಗಿದರೆ ನಿನ್ನ ಗೂಡು, ಬಲಕ್ಕೆ ತಿರುಗಿದರೆ ಕಡಲು ಎಂದು. ಅಲ್ಲಿ ಅಜ್ಜ ಹುಟ್ಟನ್ನು ಮರಿಗೆ ಕೊಟ್ಟು ದಡಕ್ಕೆ ಇಳಿದುಬಿಟ್ಟ. ಆಮೇಲೆ ಮೂರು ನಿಮಿಷ ಮಾತಿಲ್ಲ, ಹಾಡಿಲ್ಲ, ನೀರಿನ ಸದ್ದು ಮಾತ್ರ. ಮಕ್ಕಳ ಕಾರ್ಯಕ್ರಮದಲ್ಲಿ ಮೂರು ನಿಮಿಷ ಸುಮ್ಮನಿರಲು ಎಷ್ಟು ಎದೆಗಾರಿಕೆ ಬೇಕು ಹೇಳು. ನನಗಂತೂ ಅಂಗಡಿಯಲ್ಲಿ ಮೂರು ಕ್ಷಣ ಸುಮ್ಮನಿರಲು ಆಗುವುದಿಲ್ಲ. ಅಜ್ಜನ ಜೊತೆ ನಾವೂ ದಡದಲ್ಲಿ ನಿಂತು, ಹೋಗುವ ದೋಣಿಯ ಬೆನ್ನು ನೋಡುವ ಹಾಗೆ ತೋರಿಸಿದ್ದರು. ದೋಣಿ ಒಂದಿಷ್ಟು ಹೊತ್ತು ಕವಲಿನ ನಡುವೆ ನಿಂತಿತು. ಮೆಲ್ಲಗೆ ಬಲಕ್ಕೆ ತಿರುಗಿತು. ಮಂಜು ಬಂದು ಎಲ್ಲ ಮುಚ್ಚಿಕೊಂಡಿತು. ಅಷ್ಟೇ, ಮುಗಿಯಿತು.

ಗೂಡು ಬೇಕು, ಗೂಡು ಬೇಕು ಎಂದು ಅತ್ತುಕೊಂಡೇ ಬಂದ ಮರಿ, ಗೂಡು ಕೂಗಳತೆಗೆ ಬಂದಾಗ ಕಡಲಿಗೆ ಹೋಯಿತು. ನನ್ನ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ. ಹೋಗುವವರೆಲ್ಲ ಸಿಟ್ಟು ಮಾಡಿಕೊಂಡೇ ಹೋಗುವುದಿಲ್ಲ, ದೊಡ್ಡವರಾದದ್ದಕ್ಕೂ ಹೋಗುತ್ತಾರೆ ಎನಿಸಿತು. ನೀನು ಹೋದಾಗ ಉಂಡ ಮನೆಗೆ ಎರಡು ಬಗೆದವನು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಿನ್ನ ಕಡಲು ನಿನಗೆ, ಸುಖವಾಗಿರು.

ನಿನ್ನ ಅಕ್ಕನ ಗಂಡ, ಹಾಗಾಗಿ ಈಗಲೂ ನಿನ್ನ
ಭಾವ


ಜೂನ್ 24

ಭಾವನವರಿಗೆ ನಮಸ್ಕಾರ.

ನಿಮ್ಮ ಕಾಗದ ಬಂದು ಹತ್ತು ದಿನವಾಯಿತು. ನೀವು ಹೇಳಿದ ಹಾಗೆ ಬಂದ ದಿನವೇ ಒಡೆದೆ. ಉತ್ತರ ಬರೆಯುವುದೋ ಬೇಡವೋ ಎಂದು ಉಳಿದ ಒಂಬತ್ತು ದಿನ ಯೋಚಿಸಿದೆ. ಅಕ್ಕನ ಮಂಡಿನೋವು ಹೇಗಿದೆ ಎಂದು ನೀವು ಬರೆದಿಲ್ಲ. ಮುಂದಿನ ಸಲ ಬರೆಯಿರಿ.

ಕೊನೆಯ ಕಂತನ್ನು ನಾನೂ ನೋಡಿದೆ. ನನ್ನ ಕೆಲಸ ಈಗ ಇಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಎಂದು ಅಕ್ಕ ಹೇಳಿರಬಹುದು. ಆಪರೇಷನ್‌ಗೆ ಮುಂಚೆ ರೋಗಿಗಳ ಕೂದಲು ತೆಗೆಯುವುದು. ಹೆಚ್ಚಿನ ದಿನ ಮಕ್ಕಳ ವಾರ್ಡಿನಲ್ಲಿರುತ್ತೇನೆ. ಮಶಿನ್ನಿನ ಸದ್ದು ಕೇಳಿದರೇ ಅಲ್ಲಿಯ ಮಕ್ಕಳಿಗೆ ಅಳು. ಅದಕ್ಕೆ ವೈರಿನ ಸ್ವಿಚ್‌ಬೋರ್ಡನ್ನು ಅವರ ಮಡಿಲಲ್ಲೇ ಇಟ್ಟುಬಿಡುತ್ತೇನೆ. ಅವರು ಹಾಕಿದರೆ ಮಶಿನ್ ಓಡುತ್ತದೆ, ಆರಿಸಿದರೆ ನಿಲ್ಲುತ್ತದೆ. ಒಂದು ತಲೆಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ದೊಡ್ಡ ನರ್ಸಮ್ಮ ಮೊದಮೊದಲು ಗೊಣಗುತ್ತಿದ್ದರು, ಈಗ ಏನೂ ಅನ್ನುವುದಿಲ್ಲ.

ಆ ಭಾನುವಾರ ನಾಲ್ಕನೇ ಹಾಸಿಗೆಯ ಹುಡುಗಿಯ ಸರದಿ. ಒಂಬತ್ತು ವರ್ಷ, ಮಂಗಳವಾರ ಆಪರೇಷನ್. ಹತ್ತು ಗಂಟೆಗೆ ಸರಿಯಾಗಿ ಸ್ವಿಚ್ ಆರಿಸಿದಳು. ನಿಮ್ಮ ಲೈನ್‌ಮನ್ ಅರ್ಧ ಗಡ್ಡದಲ್ಲಿ ಕೂತಿದ್ದ ಹೊತ್ತಿಗೆ ಇಲ್ಲಿ ಅವಳು ಅರ್ಧ ತಲೆಯಲ್ಲಿ ಕೂತಿದ್ದಳು. ಹನ್ನೊಂದು ಮಕ್ಕಳು, ಮೂವರು ತಾಯಂದಿರು, ನರ್ಸಮ್ಮ, ನಾನು. ಹಾಸಿಗೆಗಳ ಎದುರಿನ ಗೋಡೆಯಲ್ಲಿ ಟಿವಿ. ಕೊನೆಯ ಮೂರು ನಿಮಿಷ ವಾರ್ಡಿನಲ್ಲಿ ಒಬ್ಬರೂ ಕೆಮ್ಮಲಿಲ್ಲ.

ನೀವು ಮಾತಿಲ್ಲದ್ದನ್ನು ಮೆಚ್ಚಿ ಬರೆದಿದ್ದೀರಿ. ನನಗೆ ಮಂಜೂ ಹಿಡಿಸಿತು. ಅದನ್ನು ಬಿಡಿಸಿದ ಕೈ ಯಾರದೋ, ಅವರಿಗೆ ಕೈ ಮುಗಿಯಬೇಕು. ಬರೀ ಬಿಳಿ ಬಣ್ಣದಲ್ಲಿ ಅಷ್ಟು ಬಗೆ ಇದೆ ಎಂದು ನನಗೆ ಗೊತ್ತಿರಲಿಲ್ಲ. ಮೊದಲು ದೋಣಿ ಮರೆಯಾಗುತ್ತದೆ, ನೀರಿನ ಮೇಲೆ ಅದರ ಗೆರೆ ಉಳಿಯುತ್ತದೆ, ಆಮೇಲೆ ಅದೂ ಇರುವುದಿಲ್ಲ. ಇನ್ನೊಂದು. ಗುಂಡುಮರಿಗೆ ಕೊನೆಯವರೆಗೂ ಈಜು ಬರಲಿಲ್ಲ. ಈಜು ಕಲಿಸಿ ಚಪ್ಪಾಳೆ ಗಿಟ್ಟಿಸಬಹುದಿತ್ತು, ಅವರು ಹಾಗೆ ಮಾಡಲಿಲ್ಲ. ಈಜು ಬಾರದ ಮರಿಯೇ ಹುಟ್ಟು ಹಾಕಿಕೊಂಡು ಹೋಯಿತು. ಇಲ್ಲಿಯ ಮಕ್ಕಳು ಇದನ್ನು ಎರಡು ದಿನ ಹೇಳಿಕೊಂಡು ನಕ್ಕರು.

ನೀವು ಎಲ್ಲವನ್ನೂ ಬರೆದಿದ್ದೀರಿ, ದಡಕ್ಕೆ ಇಳಿಯುವ ಮುಂಚೆ ಕಪ್ಪೆಜ್ಜ ಆಡಿದ ಮಾತನ್ನು ಮಾತ್ರ ಬಿಟ್ಟಿದ್ದೀರಿ. "ನಿನ್ನ ಗೂಡಿನ ದಾರಿ ನಂಗೆ ಮೊದಲಿಂದ ಗೊತ್ತಿತ್ತು ಮರಿ. ಒಬ್ಬನೇ ಇರೋಕೆ ಆಗ್ತಿರಲಿಲ್ಲ, ಅದಕ್ಕೇ ಸುತ್ತಿಸಿದೆ." ಅಷ್ಟು ಕಂತು ನಾವು ಒಳ್ಳೆಯವನೆಂದು ನಂಬಿದ್ದ ಅಜ್ಜನ ಬಾಯಲ್ಲಿ ಆ ಮಾತು. ವಾರ್ಡಿನಲ್ಲಿ ಜಗಳವೇ ಆಯಿತು. ಅಜ್ಜ ಕೆಟ್ಟವನು ಎಂದು ಅರ್ಧ ಮಕ್ಕಳು. ನಾಲ್ಕನೇ ಹಾಸಿಗೆಯವಳು ಹೇಳಿದ್ದು ಬೇರೆ: "ಅವನು ಹೇಳ್ದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಆದ್ರೂ ಹೇಳಿದ್ನಲ್ಲ." ಆಮೇಲೆ ತಾನೇ ಸ್ವಿಚ್ ಹಾಕಿದಳು. ಆಪರೇಷನ್ ಚೆನ್ನಾಗಿ ಆಯಿತು.

ಕೊನೆಗೆ ಒಂದು ಮಾತು. ದೋಣಿ ತಿರುಗಿದ್ದು ಎಡಕ್ಕೆ. ಗುಂಡುಮರಿ ಗೂಡಿಗೆ ಹೋಯಿತು, ಕಡಲಿಗಲ್ಲ.

ಇಂತಿ,
ನಿಮ್ಮ ಹೆಂಡತಿಯ ತಮ್ಮ


ಜುಲೈ 3

ಭಾಮೈದ ಮಹಾಶಯರಿಗೆ,

ನಿನ್ನ ಅಕ್ಕನ ಮಂಡಿ ಚೆನ್ನಾಗಿದೆ, ನನ್ನ ತಲೆ ಕೆಟ್ಟಿದೆ.

ಎಡಕ್ಕೆ ಹೋಯಿತಂತೆ. ಎಂಟು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೆಲಸ ಮಾಡಿದ ಗುಮ್ಮನಗುಸುಕ, ಬಾಯಿ ಬಿಟ್ಟರೆ ಇದನ್ನೇ ಹೇಳಬೇಕೇ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೋ? ನಾನೊಬ್ಬನೇ ನೋಡಿದ್ದಲ್ಲ. ಬೆಂಚಿನ ಮೇಲೆ ಐದು ಜನ, ಕುರ್ಚಿಯಲ್ಲಿ ಲೈನ್‌ಮನ್, ಒಟ್ಟು ಆರು ಸಾಕ್ಷಿ. ನಿನ್ನ ಕಾಗದ ಬಂದ ಮೇಲೆ ಒಬ್ಬೊಬ್ಬರನ್ನೂ ಹಿಡಿದು ಕೇಳಿದೆ. ದರ್ಜಿಯಣ್ಣ, ಬೇಕರಿಯವನು, ನಿವೃತ್ತ ಹೆಡ್‌ಮಾಸ್ತರು, ಎಲ್ಲರದೂ ಒಂದೇ ಮಾತು, ಬಲಕ್ಕೆ. ಹೆಡ್‌ಮಾಸ್ತರಂತೂ ಮಂಜಿನೊಳಗಿಂದ ಅಲೆಯ ಸದ್ದು ಕೇಳಿಸಿತು ಎಂದರು. ಅವರಿಗೆ ಕಿವಿ ಮಂದ ನಿಜ, ಆದರೆ ಸುಳ್ಳು ಹೇಳುವವರಲ್ಲ.

ನಿನ್ನ ವಾರ್ಡಿನ ಮಕ್ಕಳಿಗೆ ಮನೆಗೆ ಹೋಗುವ ಆಸೆ, ಪಾಪ. ಅವರ ಕಣ್ಣಿಗೆ ದೋಣಿಯೂ ಮನೆಗೇ ಹೋದ ಹಾಗೆ ಕಂಡಿರುತ್ತದೆ. ಅವರ ಜೊತೆ ಕೂತು ನೀನೂ ಹಾಗೇ ಕಂಡೆ. ಅದರಲ್ಲಿ ತಪ್ಪಿಲ್ಲ. ಆದರೆ ನನಗೆ ಪಾಠ ಹೇಳಲು ಬರಬೇಡ. ನಾನು ಕಣ್ಣಾರೆ ಕಂಡಿದ್ದೇನೆ.

ಕಪ್ಪೆಜ್ಜನ ಮಾತನ್ನು ಯಾಕೆ ಎತ್ತಿದೆಯೋ ತಿಳಿಯದು. ವಯಸ್ಸಾದವನು, ಇಳಿಯುವ ಹೊತ್ತಿಗೆ ಏನೋ ಒಂದು ಅಂದ.

ಭಾವ


ಜುಲೈ 8

ಭಾವನವರಿಗೆ,

'ನಾನು ಕಣ್ಣಾರೆ ಕಂಡಿದ್ದೇನೆ' ಎಂಬ ಮಾತನ್ನು ನಿಮ್ಮ ಬಾಯಿಂದ ಮೊದಲೂ ಒಮ್ಮೆ ಕೇಳಿದ್ದೇನೆ.

ಅದೂ ಭಾನುವಾರವೇ. ದರ್ಜಿಯಣ್ಣನ ಮಗಳು ನನ್ನ ಕುರ್ಚಿಯಲ್ಲಿ, ಹಲಗೆಯ ಮೇಲೆ ಕೂತಿದ್ದಳು. ನಾನು ಕಿವಿಯ ಹತ್ತಿರ ಕತ್ತರಿ ಆಡಿಸುತ್ತಿದ್ದೆ. ಕಾರ್ಟೂನಿನಲ್ಲಿ ದೋಣಿ ಸುಳಿಗೆ ಸಿಕ್ಕಿತು. ಅಂಗಡಿಯಲ್ಲಿ ಯಾರೋ ಜೋರಾಗಿ ಕೂಗಿದರು. ಮಗು ಬೆಚ್ಚಿ ತಿರುಗಿತು. ಕತ್ತರಿಯ ತುದಿ ಕಿವಿಗೆ ತಾಗಿತು. ಎರಡು ಹೊಲಿಗೆ ಬಿತ್ತು. ಆಗ ನೀವು ತುಂಬಿದ ಅಂಗಡಿಯಲ್ಲಿ ಅಂದಿರಿ: "ಕೈಯಲ್ಲಿ ಕತ್ತರಿ, ಕಣ್ಣು ಟಿವಿಯಲ್ಲಿ. ಕನ್ನಡಿಯಲ್ಲಿ ನಾನು ಕಣ್ಣಾರೆ ಕಂಡಿದೀನಿ."

ನಾನು ನೋಡುತ್ತಿದ್ದದ್ದು ಮಗುವಿನ ಮುಖವನ್ನು. ಅದೂ ಅದೇ ಕನ್ನಡಿಯಲ್ಲಿತ್ತು.

ಕೂಗಿದವರು ಯಾರೆಂದು ನಾನು ಅವತ್ತು ಹೇಳಲಿಲ್ಲ. ಇವತ್ತೂ ಬರೆಯುವುದಿಲ್ಲ.

ಆಗಸ್ಟ್ ಮೊದಲ ಭಾನುವಾರ ಕೊನೆಯ ಕಂತನ್ನು ಮತ್ತೆ ಹಾಕುತ್ತಾರಂತೆ. ಇನ್ನೊಮ್ಮೆ ನೋಡಿ. ಅಲ್ಲಿಯವರೆಗೆ ನನಗೆ ಬರೆಯಬೇಡಿ.

ಇಂತಿ,
ನಿಮ್ಮ ಹೆಂಡತಿಯ ತಮ್ಮ


ಆಗಸ್ಟ್ 4

ತಮ್ಮಾ,

ನಿಮ್ಮಿಬ್ಬರ ಬಾತುಕೋಳಿ ಜಗಳದಲ್ಲಿ ನನ್ನ ಮನೆಯ ನೆಮ್ಮದಿ ಹಾಳಾಗಿದೆ. ಜುಲೈ ತಿಂಗಳಿಡೀ ನಿನ್ನ ಭಾವ ಊಟದ ಹೊತ್ತಿಗೂ ಎಡ ಬಲ ಎಂದು ಬೆರಳು ತೋರಿಸುತ್ತಾ ಕೂತಿದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಂಡನನ್ನು ಕಟ್ಟಿಕೊಂಡವಳಿಗೆ, ಹಿಡಿದರೆ ಬಿಡದ ತಮ್ಮನೂ ಇದ್ದರೆ ಏನಾಗಬೇಕೋ ಅದು ನನಗಾಗಿದೆ. ಇರಲಿ. ಮೊನ್ನೆ ಭಾನುವಾರ ನಡೆದದ್ದನ್ನು ಅವರು ನಿನಗೆ ಬರೆಯುತ್ತಾರೋ ಇಲ್ಲವೋ, ನಾನು ಬರೆಯುತ್ತೇನೆ.

ಮರುಪ್ರಸಾರಕ್ಕೆ ಎಂದು ಸಾಕ್ಷಿಗಳನ್ನೆಲ್ಲ ಕರೆಸಿದ್ದರು. ಹೆಡ್‌ಮಾಸ್ತರು ಹೊಸ ಕನ್ನಡಕ ಹಾಕಿಕೊಂಡು ಬಂದಿದ್ದರು. ಎಲ್ಲರೂ ಯಾವಾಗಲೂ ಕೂರುವ ಹಾಗೆ ಟಿವಿಗೆ ಬೆನ್ನು ಕೊಟ್ಟು, ಕನ್ನಡಿಗೆ ಮುಖ ಮಾಡಿ ಕೂತಿದ್ದರು. ನಾನು ಅಂಗಡಿಯ ಬಟ್ಟೆಗಳನ್ನು ಒಗೆದು ತಂದಿದ್ದೆ. ಕನ್ನಡಿಯ ಕೆಳಗಿನ ಹಲಗೆಗೆ ಒರಗಿ ನಿಂತು ಮಡಿಸುತ್ತಿದ್ದೆ. ಹಾಗಾಗಿ ಟಿವಿಯನ್ನು ನೇರವಾಗಿ ನೋಡುತ್ತಿದ್ದವಳು ನಾನೊಬ್ಬಳೇ. ನಿಜ ಹೇಳುತ್ತೇನೆ, ಇಷ್ಟು ವರ್ಷ ಅದು ಮಕ್ಕಳಾಟ ಎಂದು ನಾನು ಒಂದು ದಿನವೂ ನೋಡಿದವಳಲ್ಲ. ಆ ಮೂರು ನಿಮಿಷಕ್ಕೆ ನನ್ನ ಕೈ ಬಟ್ಟೆಯ ಮೇಲೇ ನಿಂತುಹೋಯಿತು.

ದೋಣಿ ತಿರುಗಿತು. ಬೆಂಚಿನವರೆಲ್ಲ ಒಟ್ಟಿಗೆ "ಬಲಕ್ಕೆ" ಎಂದರು. ಅದೇ ಹೊತ್ತಿಗೆ ನಾನು "ಎಡಕ್ಕೆ ಹೋಯ್ತು" ಎಂದೆ. ನನ್ನನ್ನು ಎಲ್ಲರೂ ಹುಚ್ಚಿಯನ್ನು ನೋಡುವ ಹಾಗೆ ನೋಡಿದರು. "ಕನ್ನಡಿ ಬಿಟ್ಟು ತಿರುಗಿ ನೋಡ್ರಪ್ಪ" ಎಂದೆ. ಬೆಂಚಿನ ಐದೂ ಕತ್ತು ಒಟ್ಟಿಗೆ ಹಿಂದಕ್ಕೆ ತಿರುಗಿದವು. ಅಷ್ಟರಲ್ಲಿ ಬರೀ ಮಂಜು ಉಳಿದಿತ್ತು, ಆದರೆ ಯಾರಿಗೂ ಹೇಳಬೇಕಾಗಲಿಲ್ಲ. ಎಷ್ಟೊಂದು ವರ್ಷ ಒಂದು ಊರಿನ ಗಂಡಸರೆಲ್ಲ ಸೇರಿ ಒಂದು ಕಾರ್ಟೂನನ್ನು ತಿರುಗುಮುರುಗಾಗಿ ನೋಡಿದ್ದಾರೆ. ದೋಣಿ ಹೇಗೂ ಹೊಳೆಯಲ್ಲಿ ಹೋಗುತ್ತಲೇ ಇತ್ತಲ್ಲ, ಎಡಬಲದ ಗೊಡವೆ ಯಾರಿಗೂ ಬಿದ್ದಿರಲಿಲ್ಲ. ಬೇಕರಿಯವನು ನಕ್ಕು ನಕ್ಕು ಬೆಂಚಿನಿಂದ ಕೆಳಗೆ ಜಾರಿದ.

ನಿನ್ನ ಭಾವ ನಗಲಿಲ್ಲ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ನಾನು ಚುಚ್ಚಿದೆ. ಮಧ್ಯಾಹ್ನ ಊಟಕ್ಕೆ ಬಂದವರು ಅರ್ಧ ಉಂಡು ಎದ್ದುಹೋದರು. ಎರಡು ದಿನದಿಂದ ಹಾಗೇ ಇದ್ದಾರೆ. ನನಗೆ ಸ್ವಲ್ಪ ಭಯವಾಗಿದೆ.

ನಿನ್ನ ಅಕ್ಕ


ಆಗಸ್ಟ್ 17

ಭಾಮೈದನಿಗೆ,

ಎಡಕ್ಕೇ ಹೋಯಿತು. ಮರಿ ಗೂಡು ಸೇರಿತು. ನಿನ್ನ ಅಕ್ಕ ಬಣ್ಣ ಹಚ್ಚಿ ಬರೆದಿರುತ್ತಾಳೆ, ಹಾಗಾಗಿ ಆ ಕಥೆ ನಾನು ಹೇಳುವುದಿಲ್ಲ.

ನಾವು ದಿನವಿಡೀ ಕನ್ನಡಿ ನೋಡಿಕೊಂಡೇ ಕೆಲಸ ಮಾಡುವವರು. ಗಿರಾಕಿ ಕನ್ನಡಿಯಲ್ಲಿ ಒಂದು ಕಡೆ ತೋರಿಸಿದರೆ ನಮ್ಮ ಕೈ ತಾನೇ ಸರಿಯಾದ ಕಡೆಗೆ ಹೋಗುತ್ತದೆ. ಎಡಬಲ ಎಂದು ಯೋಚಿಸಿ ಕತ್ತರಿ ಹಾಕುವವನು ಇನ್ನೂ ಕಲಿಯುತ್ತಿರುವವನು ಎಂದು ನಿನಗೆ ನಾನೇ ಹೇಳಿಕೊಟ್ಟಿದ್ದೆ. ಕೈಗೆ ಗೊತ್ತಿದ್ದದ್ದು ತಲೆಗೆ ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು. ಇನ್ನೊಮ್ಮೆ ನೋಡಿ ಎಂದು ನೀನು ಬರೆದಾಗ, ನನ್ನ ಕಣ್ಣೇ ತಪ್ಪಿರಬಹುದು ಎಂಬ ಅನುಮಾನ ನನಗೆ ಒಂದು ಗಳಿಗೆಯೂ ಬರಲಿಲ್ಲ. ಅದೇ ನನ್ನನ್ನು ಈಗ ತಿನ್ನುತ್ತಿದೆ.

ಆ ದಿನದ ವಿಷಯಕ್ಕೆ ಬರುತ್ತೇನೆ. ಕನ್ನಡಿಯಲ್ಲಿ ನಿನ್ನ ಕಣ್ಣು ಕಂಡದ್ದು ನಿಜ. ಅದು ಟಿವಿಯನ್ನು ನೋಡುತ್ತಿತ್ತೋ ಮಗುವನ್ನು ನೋಡುತ್ತಿತ್ತೋ ನನಗೆ ಗೊತ್ತಿರಲಿಲ್ಲ. ಗೊತ್ತಿದೆ ಎಂದು ಹೇಳಿದೆ. ಹೇಳಿ ಹೇಳಿ ಆಮೇಲೆ ನಾನೇ ನಂಬಿದೆ.

ಕೂಗಿದ್ದು ನಾನು. ನಿನಗೆ ಗೊತ್ತು. "ಅಯ್ಯೋ, ಮುಳುಗ್ತು" ಎಂದು ಕೂಗಿದೆ. ಐವತ್ತೆರಡು ವರ್ಷದ ಗಂಡಸು, ಗೊಂಬೆಯ ದೋಣಿ ಮುಳುಗುತ್ತದೆ ಎಂದು ಕಿರುಚಿ, ಒಂದು ಮಗುವಿನ ಕಿವಿ ಹರಿಯುವ ಹಾಗೆ ಮಾಡಿದೆ ಎಂದು ಹೇಳಿಕೊಳ್ಳಲು ನಾಚಿಕೆಯಾಯಿತು. ದರ್ಜಿಯಣ್ಣ ಕಣ್ಣು ಕೆಂಪಗೆ ಮಾಡಿ ಎದುರು ನಿಂತಿದ್ದ. ಪಕ್ಕದಲ್ಲಿ ನೀನಿದ್ದೆ. ನಿನ್ನ ಮೇಲೆ ಹಾಕಿದೆ. ಸಂಜೆಗೆ ಸರಿಮಾಡಿಕೊಂಡರಾಯಿತು ಎಂದುಕೊಂಡಿದ್ದೆ. ನೀನು ಕತ್ತರಿಯನ್ನು ಒರೆಸಿ, ಚೀಲಕ್ಕೆ ಹಾಕಿಕೊಂಡು ಮಧ್ಯಾಹ್ನದ ಬಸ್ಸಿಗೇ ಹೊರಟುಹೋದೆ.

ಕಪ್ಪೆಜ್ಜನ ಮಾತನ್ನು ನಾನು ಮರೆತು ಬಿಟ್ಟದ್ದಲ್ಲ. ಅದನ್ನು ಕೇಳಿದಾಗ ಅಂಗಡಿಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎನಿಸಿ ಬೆವರಿದ್ದೆ. ಕಾರ್ಟೂನು ಬರೆದವರು ಎಲ್ಲೋ ಕೂತು ಬರೆದದ್ದು, ಅವರಿಗೆ ನನ್ನ ಗುರುತಿಲ್ಲ, ಪರಿಚಯವಿಲ್ಲ. ಆದರೂ ನನ್ನ ಹೊಟ್ಟೆಯೊಳಗೆ ಕೈ ಹಾಕಿ ತೆಗೆದ ಹಾಗಿತ್ತು. ಎಂಥ ಜನ ಇವರು ಎಂದು ಈಗಲೂ ಬೆರಗಾಗುತ್ತದೆ.

ತಪ್ಪಾಯಿತು ಕಣೋ. ಕ್ಷಮಿಸು. ನಿನ್ನ ಕುರ್ಚಿಗೆ ಯಾರನ್ನೂ ಇಟ್ಟುಕೊಂಡಿಲ್ಲ. ವಾಪಸ್ ಬಾ.

ಭಾವ


ಆಗಸ್ಟ್ 24

ಭಾವನವರಿಗೆ,

ನೀವು ಅಂದದ್ದು ತುಂಬಿದ ಅಂಗಡಿಯಲ್ಲಿ. ನಿಮ್ಮ ಈ ಕಾಗದ ಓದಿದವನು ನಾನೊಬ್ಬನೇ.

ಇಂತಿ,
ನಿಮ್ಮ ಹೆಂಡತಿಯ ತಮ್ಮ


ಆಗಸ್ಟ್ 31

ತಮ್ಮಾ,

ನಿನ್ನ ಎರಡು ಸಾಲು ಬಂದಾಗ ಇವರು ಅದನ್ನು ಓದಿ ಅಂಗಿಯ ಜೇಬಿಗೆ ಹಾಕಿಕೊಂಡರು, ನನಗೆ ತೋರಿಸಲಿಲ್ಲ. ಒಗೆಯಲು ಹಾಕಿದಾಗ ನನ್ನ ಕೈಗೆ ಸಿಕ್ಕಿತು. ಓದಿ ನನಗೆ ನಿನ್ನ ಮೇಲೆ ಸಿಟ್ಟೇ ಬಂತು. ಅಷ್ಟು ವಯಸ್ಸಾದವರು ಕ್ಷಮಿಸು ಎಂದು ಬರೆದ ಮೇಲೂ ಇಷ್ಟು ಬಿಗಿಯೇ ಎಂದುಕೊಂಡೆ. ಈಗ ನೀನು ಮಾಡಿದ್ದೇ ಸರಿ ಅನ್ನುತ್ತೇನೆ.

ನಿನ್ನೆ ಭಾನುವಾರ ನನ್ನನ್ನೂ ಅಂಗಡಿಗೆ ಬಾ ಎಂದು ಕರೆದರು. ಯಾಕೆ ಎಂದರೆ ಹೇಳಲಿಲ್ಲ. ಹತ್ತು ಗಂಟೆಗೆ ಜನ ತುಂಬಿದ್ದರು. ದರ್ಜಿಯಣ್ಣ ಕುರ್ಚಿಯಲ್ಲಿದ್ದ, ಅವನ ಮಗಳು ಬೆಂಚಿನ ಮೇಲೆ. ಈಗ ಹನ್ನೊಂದು ವರ್ಷದವಳು. ಇವರು ಟಿವಿ ಆರಿಸಿದರು. ಕನ್ನಡಿಗೆ ಬೆನ್ನು ಹಾಕಿ ಎಲ್ಲರ ಕಡೆ ತಿರುಗಿ ನಿಂತರು. ಕೈಯಲ್ಲಿದ್ದ ಬಾಚಣಿಗೆಯನ್ನು ಎಲ್ಲಿಡುವುದು ಎಂದು ತಿಳಿಯದೆ ಹಿಡಿದುಕೊಂಡೇ ಇದ್ದರು.

"ಮೂರು ವರ್ಷದ ಹಿಂದೆ ಈ ಮಗು ಕಿವಿಗೆ ಗಾಯ ಆಗಿದ್ದು ನನ್ನಿಂದ. ಕೂಗಿದ್ದು ನಾನು. ಅವನ ಕೈ ತಪ್ಪಿರಲಿಲ್ಲ, ಕಣ್ಣೂ ತಪ್ಪಿರಲಿಲ್ಲ. ನಾನು ಸುಳ್ಳು ಹೇಳಿದೆ."

ಇಷ್ಟೇ ಹೇಳಿದ್ದು. ಇವರು ಮಾತು ಇಷ್ಟು ಬೇಗ ಮುಗಿಸಿದ್ದನ್ನು ನಾನು ಮದುವೆಯಾದಾಗಿನಿಂದ ನೋಡಿಲ್ಲ.

ದರ್ಜಿಯಣ್ಣ ಕತ್ತಿನ ಬಟ್ಟೆಯನ್ನೂ ಬಿಚ್ಚದೆ ಕೂತಲ್ಲಿಂದಲೇ ಹೇಳಿದ: "ಗೊತ್ತಿತ್ತು ಅಣ್ಣ. ಇವಳು ಅವತ್ತು ಹೊಲಿಗೆ ಹಾಕಿಸಿಕೊಳ್ಳುವಾಗಲೇ ಹೇಳಿದ್ಲು, ಆ ಮಾಮ ಕೂಗಿದ್ರು ಅಂತ. ನೀವು ಯಾವಾಗ ಹೇಳ್ತೀರಿ ಅಂತ ಕಾಯ್ತಿದ್ವಿ." ಹೆಡ್‌ಮಾಸ್ತರಿಗೂ ಗೊತ್ತಿತ್ತಂತೆ. ಬೇಕರಿಯವನಿಗೂ. ಊರಿಗೆಲ್ಲ ಗೊತ್ತಿದ್ದ ಸುಳ್ಳನ್ನು ಇವರೊಬ್ಬರೇ ಬಚ್ಚಿಟ್ಟುಕೊಂಡು ಕೂತಿದ್ದರು. ನನಗೂ ಗೊತ್ತಿತ್ತು ತಮ್ಮಾ. ಎರಡು ಸಲ ಕೇಳಿದೆ, ಎರಡು ಸಲವೂ ಎದ್ದು ಹೋದರು, ಮೂರನೇ ಸಲ ಕೇಳಲಿಲ್ಲ. ಅದು ನನ್ನ ತಪ್ಪು. ಕ್ಷಮಿಸು ಎಂದು ನಾನೂ ಬರೆಯಬೇಕು, ಬರೆದಿದ್ದೇನೆ.

ಆ ಹುಡುಗಿ ಬಂದು ಕೂದಲು ಸರಿಸಿ ಕಿವಿ ತೋರಿಸಿದಳು. ಗುರುತೇ ಇಲ್ಲ. ಇವರು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ದರ್ಜಿಯಣ್ಣನ ಉಳಿದ ಕಟಿಂಗ್ ಮುಗಿಸಿದರು.

ನಿನಗೆ ಇದನ್ನು ಬರೆಯಬೇಡ ಎಂದಿದ್ದಾರೆ. ಬರೆದರೆ ಹೇಳಿಕೊಂಡ ಹಾಗೆ ಆಗುತ್ತದಂತೆ.

ನಿನ್ನ ಅಕ್ಕ


ಸೆಪ್ಟೆಂಬರ್ 4

ಭಾವ,

ಅಕ್ಕ ಬರೆದಿದ್ದಾಳೆ. ಅವಳನ್ನು ಬೈಯಬೇಡಿ.

ಒಂದು ವಿಷಯದಲ್ಲಿ ನಾನೂ ನೇರವಾಗಿರಲಿಲ್ಲ. ನಿಮ್ಮ ಮೊದಲ ಕಾಗದ ಓದಿದ ಕೂಡಲೇ ನೀವು ಕನ್ನಡಿಯಲ್ಲಿ ನೋಡಿದ್ದೀರಿ ಎಂದು ಗೊತ್ತಾಗಿತ್ತು. ಈ ವಾರ್ಡಿಗೆ ಬಂದ ಹೊಸದರಲ್ಲಿ, ಟಿವಿಯನ್ನು ನೇರವಾಗಿ ನೋಡಿದಾಗ, ದೋಣಿ ಹಿಂದಕ್ಕೆ ಹೋಗುವ ಹಾಗೆ ಕಂಡು ನನಗೂ ತಲೆ ಸುತ್ತಿತ್ತು. ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದಿತ್ತು. ಒಂದು ಸಲವಾದರೂ ನಿಮ್ಮ ಕಣ್ಣನ್ನು ನೀವೇ ಅನುಮಾನಿಸಲಿ ಎಂದು ಕಾದೆ. ಮುಂಗಾರಿನಲ್ಲಿ ಬಿತ್ತಿದ ಹಟ ಮಳೆ ಇಳಿಯುವವರೆಗೂ ಬೆಳೆಯಿತು. ಈಗ ಹೇಳುತ್ತಿದ್ದೇನೆ, ಅದಕ್ಕೆ ಕ್ಷಮಿಸಿ.

ಇನ್ನೊಂದೂ ಹೇಳಬೇಕು. ನೀವು ತಪ್ಪಾಗಿ ನೋಡಿದ ಕೊನೆಯೂ ಚೆನ್ನಾಗಿತ್ತು. ಮರಿ ಕಡಲಿಗೆ ಹೋಯಿತು ಎಂದುಕೊಂಡದ್ದರಿಂದ ತಾನೇ ನೀವು ನನಗೆ ಕಾಗದ ಬರೆದದ್ದು. ಮಂಜಿನ ಆಚೆ ಏನಿದೆ ಎಂದು ತೋರಿಸದೆ ಬಿಟ್ಟವರು ಬುದ್ಧಿವಂತರು ಭಾವ. ಊರಲ್ಲಿದ್ದವರಿಗೆ ಹೋಗುವುದು ಕಂಡಿತು, ಬಿಟ್ಟು ಬಂದವನಿಗೆ ಮನೆ ಕಂಡಿತು.

ಅಂಗಡಿಯ ಕೆಲಸಕ್ಕೆ ನಾನು ವಾಪಸ್ ಬರುವುದಿಲ್ಲ. ಸಿಟ್ಟಿನಿಂದ ಹೇಳುತ್ತಿರುವ ಮಾತಲ್ಲ. ಇಲ್ಲಿ ದಿನಕ್ಕೆ ಮೂರು ನಾಲ್ಕು ಮಕ್ಕಳು ಸ್ವಿಚ್ ಹಿಡಿದುಕೊಂಡು ನನಗಾಗಿ ಕಾಯುತ್ತಾರೆ. ನನ್ನ ಕುರ್ಚಿಗೆ ಒಳ್ಳೆಯವರನ್ನು ನೋಡಿ ಇಟ್ಟುಕೊಳ್ಳಿ.

ಆದರೆ ಮಂಗಳವಾರ ನಿಮಗೂ ರಜೆ, ನನಗೂ ರಜೆ. ಎಂಟು ವರ್ಷ ಹದಿನೈದು ದಿನಕ್ಕೊಮ್ಮೆ ನನ್ನ ತಲೆ ನಿಮ್ಮ ಕೈಯಲ್ಲಿ, ನಿಮ್ಮ ತಲೆ ನನ್ನ ಕೈಯಲ್ಲಿ ಇರುತ್ತಿತ್ತು. ಬಿಟ್ಟು ಬಂದ ಮೇಲೆ ಬೇರೆ ಯಾರ ಕತ್ತರಿಯ ಕೆಳಗೂ ಕೂರಲು ಮನಸ್ಸಾಗಲಿಲ್ಲ. ಮೂರು ವರ್ಷ ನಾನೇ ಮಶಿನ್ ಆಡಿಸಿ ಬೋಳಿಸಿಕೊಂಡೆ. ಜೂನ್‌ನಲ್ಲಿ ನಿಮ್ಮ ಕಾಗದ ಬಂದ ದಿನ ಅದನ್ನು ನಿಲ್ಲಿಸಿದೆ. ಉತ್ತರ ಬರೆಯುವುದೋ ಬೇಡವೋ ಎಂದು ಯೋಚಿಸುತ್ತಿದ್ದಾಗಲೂ ಕೂದಲು ಬೆಳೆಯುತ್ತಿತ್ತು. ಈಗ ಕಿವಿಯ ಮೇಲೆ ಬೀಳುತ್ತಿದೆ. ನರ್ಸಮ್ಮ ದಿನಾ ಬೈಯುತ್ತಾರೆ.

ಈ ಮಂಗಳವಾರ ಬೆಳಿಗ್ಗೆ ಎಂಟು ಗಂಟೆಯ ಬಸ್ಸಿಗೆ ಬರುತ್ತೇನೆ. ಕಿವಿಯ ಹತ್ತಿರ ಮಶಿನ್ ಬೇಡ, ಕತ್ತರಿಯಲ್ಲೇ ಮಾಡಿ.

ನಿಮ್ಮ
ಭಾಮೈದ